ಡ್ರಮ್ಮಿನ ಮೇಲಿನ ಪದ

ನಮ್ಮ ಅಕ್ಕನಿಗೆ ಮನೆಯಲ್ಲಿ ಇಟ್ಟ ಅಡ್ಡಹೆಸರು ಪದಕೋಶ. ಕಾರ್ಖಾನೆಗಳ ರಾಸಾಯನಿಕ ಡ್ರಮ್ಮುಗಳಿಗೆ ಅಂಟಿಸುವ ಎಚ್ಚರಿಕೆ ಚೀಟಿಗಳನ್ನು ನಮ್ಮ ಭಾಷೆಗೆ ತರುವುದು ಅವಳ ಕೆಲಸ. ಅವಳ ಹತ್ತಿರ ಒಂದು ಪದದ ಅರ್ಥ ಕೇಳಿದರೆ ಮುಗಿಯಿತು, ಅದರ ಮುತ್ತಜ್ಜನ ಕಾಲದಿಂದ ಶುರು ಮಾಡುತ್ತಾಳೆ. ಹೈಡ್ರೋಜನ್ ಯಾಕೆ ಜಲಜನಕವಾಯಿತು ಎಂದು ಒಮ್ಮೆ ಊಟಕ್ಕೆ ಕೂತಾಗ ತಲೆ ತಿಂದಿದ್ದಳು.

"ಜಲ ಅಂದ್ರೆ ನೀರು, ಜನಕ ಅಂದ್ರೆ ಅಪ್ಪ. ಅದು ಉರಿದಾಗ ನೀರು ಹುಟ್ಟುತ್ತೆ."

"ಅಪ್ಪ ಹೊತ್ತಿ ಉರೀತಾನೆ, ಮಗ ಬೆಂಕಿ ಆರಿಸ್ತಾನೆ. ಒಳ್ಳೆ ಸಂಸಾರ!" ಎಂದು ಭಾವ ತಟ್ಟೆ ಎತ್ತಿಕೊಂಡು ಎದ್ದೇಬಿಟ್ಟರು. ಅವರು ಅಗ್ನಿಶಾಮಕ ದಳದವರು, ಒಂದು ಗಾಡಿಯ ಮುಖ್ಯಸ್ಥರು. ಬೆಂಕಿಗೆ ಹೆದರದ ಮನುಷ್ಯ, ಅಕ್ಕನ ವಿವರಣೆ ಅಂದರೆ ಮಾತ್ರ ಓಡಿಹೋಗುತ್ತಿದ್ದರು.

ಆಮೇಲೆ ಸೋಡಿಯಂ ಡ್ರಮ್ಮಿನ ಚೀಟಿ ಬಂತು. ಅದಕ್ಕೆ ಅಕ್ಕ 'ಜಲಪ್ರತಿಕ್ರಿಯಾಶೀಲ' ಎಂಬ ಪದ ಕಟ್ಟಿದಳು. ಒಗ್ಗರಣೆ ಹಾಕುವಾಗಲೂ ಅದೇ ಜಪ. ಕೇಳಿ ಕೇಳಿ ನನಗೆ ಸಿಟ್ಟು ನೆತ್ತಿಗೇರಿತ್ತು.

"ನೀರು ಹಾಕಬೇಡಿ ಅಂತ ಬರೆದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದೆ.

"ಅದು ಶಾಸ್ತ್ರೀಯ ಪದ ಅಲ್ಲ ಕಣೇ, ಗೋಡೆಬರಹ," ಎಂದಳು.

ಒಂದು ಮಧ್ಯಾಹ್ನ ನಾನು ಅವಳ ಮೇಜಿನ ಪಕ್ಕ ಕೂತು ಬಟ್ಟೆ ಮಡಚುತ್ತಿದ್ದಾಗ ಫೋನ್ ಬಂತು. ಅವಳು ಸ್ಪೀಕರಿಗೆ ಹಾಕಿದಳು. ಭಾವನ ದನಿ, ಹಿಂದೆ ಏನೋ ಚಟಪಟ ಸಿಡಿಯುವ ಸದ್ದು.

"ಗೋಡೌನಿಗೆ ಬೆಂಕಿ ಬಿದ್ದಿದೆ. ಮೂಲೇಲಿ ಡ್ರಮ್ಮುಗಳಿವೆ. ಚೀಟೀಲಿದ್ದ ಚಿತ್ರ ಸುಟ್ಟೋಗಿದೆ, ನಿನ್ನ ಪದ ಒಂದೇ ಉಳಿದಿರೋದು. ಜಲ ಪ್ರತಿಕ್ರಿಯಾ ಅದೇನೋ, ಅಡಿಗೆಮನೇಲಿ ಹೇಳ್ತಿದ್ಯಲ್ಲ, ಅದು. ಬೇಗ ಹೇಳು, ಏನರ್ಥ?"

"ಪಂಪ್ ಬಿಡ್ಲಾ ಸಾರ್?" ಎಂದು ಯಾರೋ ಕೂಗಿದರು.

ಅಕ್ಕನ ಮುಖ ಬಿಳಿಚಿತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. "ಜಲ ಅಂದ್ರೆ ನೀರು..." ಎಂದು ಮೊದಲಿಂದ ಶುರು ಮಾಡಿದಳು.

ಭಾವ ಅಷ್ಟೇ ಕೇಳಿಸಿಕೊಂಡರು. "ನೀರಂತೆ! ಬಿಡ್ರೋ!" ಎಂದು ಅವರು ಆ ಕಡೆ ಕೂಗಿದ್ದು ನಮಗೆ ಕೇಳಿಸಿತು.

"ಬೇಡ!" ಅಕ್ಕ ಕುರ್ಚಿ ಬೀಳಿಸಿಕೊಂಡು ಎದ್ದಳು. "ನೀರು ಬೇಡಾ ರೀ! ಸಿಡಿಯುತ್ತೆ! ಸತ್ತೋಗ್ತೀರಿ! ಒಣಮರಳು, ಒಣಮರಳು ಹಾಕಿ!"

ಡಬ್ಬೆಂದು ಒಂದು ಸದ್ದಾಯಿತು. ಫೋನ್ ಸತ್ತಿತು.

ಮತ್ತೆ ಮತ್ತೆ ಮಾಡಿದೆವು, ಹೋಗಲಿಲ್ಲ. ಅಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತಳು. ಭಾವನ ತಮಾಷೆ ನೆನಪಾಯಿತು. ಸೋಡಿಯಂಗೆ ನೀರು ತಾಗಿದರೆ ಜಲಜನಕ ಹೊರಬರುತ್ತದೆ, ಹೊತ್ತಿಕೊಳ್ಳುತ್ತದೆ. ಆರಿಸಲು ಹೋದ ಮಗನೇ ಅಪ್ಪನನ್ನು ಕರೆತಂದು ಉರಿಗೆ ಬಿಟ್ಟಂತೆ. ಇಷ್ಟನ್ನು ಹೇಳಲು ಅವಳಿಗೆ ಎಷ್ಟೋ ಊಟದ ಹೊತ್ತುಗಳಿದ್ದವು. ಅವಳು ಹೇಳಿಯೂ ಇದ್ದಳು, ಕೇಳಿದವರು ಯಾರು? ನನಗೆ ಭಾವನ ಮೇಲೂ ಸಿಟ್ಟು ಬಂತು, ಅವರು ಬದುಕಿದ್ದರೆ ಸಾಕು ಎಂದು ಅಳುವೂ ಬಂತು.

ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಭಾವನ ಹುಬ್ಬು ಸುಟ್ಟಿತ್ತು, ಕೈಗೆ ಪಟ್ಟಿ ಕಟ್ಟಿತ್ತು. ಪೈಪಿನ ಬಾಯಿಂದ ತೊಟ್ಟು ನೀರು ಒಡೆದ ಡ್ರಮ್ಮಿಗೆ ಸಿಡಿದದ್ದಕ್ಕೇ ಅಷ್ಟು ದೊಡ್ಡ ಸದ್ದಂತೆ. ಅಷ್ಟರಲ್ಲಿ ಅಕ್ಕನ ಕೂಗು ಕೇಳಿ ಅವರು ಪಂಪ್ ನಿಲ್ಲಿಸಿದ್ದರು. ಉಳಿದವರು ಕ್ಷೇಮ.

ಅವರು ಅಕ್ಕನ ಎದುರು ಕೂತರು. "ಈಗ ಹೇಳು. ಪೂರ್ತಿ ಕೇಳ್ತೀನಿ, ಏಳಲ್ಲ."

"ಜಲ ಅಂದ್ರೆ..." ಎಂದಳು ಅಕ್ಕ. ಮುಂದೆ ಅಳು ಬಂದುಬಿಟ್ಟಿತು.

ಮರುದಿನ ಅವಳು ಹೊಸ ಚೀಟಿ ಬರೆದು ಕಚೇರಿಗೆ ಹೋದಳು. ಜೊತೆಗೆ ನಾನೂ ಹೋದೆ. ಮೇಲಧಿಕಾರಿ ಅದನ್ನು ಓದಿ ಹುಬ್ಬು ಗಂಟಿಕ್ಕಿದರು. ಅದರಲ್ಲಿ ಇದ್ದದ್ದು ಇಷ್ಟೇ: ನೀರು ಹಾಕಬೇಡಿ, ಸಿಡಿಯುತ್ತದೆ.

"ಏನಮ್ಮಾ ಇದು, ಗೋಡೆಬರಹದ ಥರ ಇದೆಯಲ್ಲ?"

"ಇರಲಿ ಸಾರ್," ಎಂದಳು ಅಕ್ಕ. "ಇದನ್ನ ಓದೋರು ಪೈಪ್ ಹಿಡ್ಕೊಂಡು ನಿಂತಿರ್ತಾರೆ."