ಹಲಗೆಯ ಮೇಲಿನ ಬಿಳಿ ಮರಿ

ವಾರಿಜಕ್ಕ, ನೀವು ಏಳು ತಿಂಗಳು ಹೊಡೆದದ್ದು ಒಂದು ಕಿವುಡು ನಾಯಿಯನ್ನು. ಅದು ಕಿವುಡೆಂದು ನಿಮಗೆ ಮಾರುವ ದಿನವೇ ನನಗೆ ಗೊತ್ತಿತ್ತು. ಹೊಡೆಯಿರಿ ಎಂದು ಹೇಳಿಕೊಟ್ಟವನೂ ನಾನೇ.

ಐದು ವರ್ಷ ತಡವಾಗಿ ಬರೆಯುತ್ತಿದ್ದೇನೆ. ಬೆಳಗಾವಿಯಿಂದ ಬಂದು, ಲೋಕಲ್ ರೈಲಿನಲ್ಲಿ ಬಾಚಣಿಗೆ ಮಾರಿ, ಕೊನೆಗೆ ಘಾಟ್ಕೋಪರ್‌ನಲ್ಲಿ ನಾಯಿಮರಿಗಳ ಅಂಗಡಿ ಇಟ್ಟವನು ನಾನು. ಗಿರಾಕಿಯ ಕಣ್ಣು ಎಲ್ಲಿ ನಿಲ್ಲುತ್ತದೆ ಎಂದು ಗುರುತಿಸುವುದೊಂದೇ ನಾನು ಕಲಿತ ವಿದ್ಯೆ. ಉದ್ದ ಮೈ, ಗಿಡ್ಡ ಕಾಲಿನ ಡ್ಯಾಶ್‌ಹಂಡ್ ಮರಿಗಳಲ್ಲಿ ಕಂದು, ಕಪ್ಪಿನ ಮೇಲೆ ಯಾರ ಕಣ್ಣೂ ನಿಲ್ಲುತ್ತಿರಲಿಲ್ಲ. ಬೂದಿ ಎರಚಿದಂಥ ಮಚ್ಚೆಯ ಮರಿ ಇಟ್ಟರೆ ನಿಲ್ಲುತ್ತಿತ್ತು.

ಬಾಂದ್ರಾದ ಒಂದು ಡಾಗ್ ಶೋನಲ್ಲಿ ಮರಾಠಿ ಹಿರಿಯರೊಬ್ಬರು, ನಲವತ್ತು ವರ್ಷ ಇದೇ ತಳಿ ಸಾಕಿದವರು, ನನಗೆ ಎಚ್ಚರಿಕೆ ಹೇಳಿದ್ದರು. ಮಚ್ಚೆಯ ನಾಯಿಗೆ ಮಚ್ಚೆಯದನ್ನೇ ಕೂಡಿಸಬೇಡ, ಬಿಳಿ ಮರಿ ಹುಟ್ಟುತ್ತದೆ, ಅದಕ್ಕೆ ಕಿವಿ ಕೇಳದೆ ಹೋಗಬಹುದು, ಕಣ್ಣೂ ಕಾಣದೆ ಹೋಗಬಹುದು; ಆ ಬಿಳಿಯನ್ನು ಸ್ಪರ್ಧೆಯ ರಿಂಗಿನೊಳಗೆ ಬಿಡದಿರುವುದು ಸುಮ್ಮನೆ ಅಲ್ಲ ಎಂದರು. ಬಣ್ಣವೇನು ಬೊಗಳುತ್ತದೆಯೇ ಎಂದು ನಾನು ಕೇಳಿದೆ. ಸುತ್ತ ನಿಂತವರು ನಕ್ಕರು. ನಾಲ್ಕು ಮುದುಕರು ಕೂತು ಬರೆದ ನಿಯಮ, ರಿಂಗ್ ಬೇಡವೆಂದದ್ದನ್ನೇ ಊರು ಬೇಕೆನ್ನುತ್ತದೆ—ಹೀಗೆಲ್ಲ ವಾದಿಸಿ ಅವರ ಬಾಯಿ ಮುಚ್ಚಿಸಿದೆ. ಆ ತಿಂಗಳೇ ಮಚ್ಚೆಗೆ ಮಚ್ಚೆ ಕೂಡಿಸಿದೆ.

ನಾಲ್ಕು ಮರಿ ಹುಟ್ಟಿದವು, ಒಂದು ಅಚ್ಚ ಬಿಳಿ. ಮಲಗಿದ್ದಾಗ ಹಿಂದಿನಿಂದ ಸ್ಟೀಲ್ ತಟ್ಟೆ ಬಡಿದು ನೋಡಿದೆ. ಮೂರು ಬೆಚ್ಚಿ ಎದ್ದವು. ಬಿಳಿಯದು ನಿದ್ದೆ ಮಾಡುತ್ತಲೇ ಇತ್ತು.

ಮರಿ ಕೊಳ್ಳುವವರಿಗೆಲ್ಲ ಒಂದು ಮಾತು—ಅಂಗಡಿಯವನು ಇಟ್ಟ ಜಾಗದಲ್ಲೇ ಮರಿಯನ್ನು ನೋಡಬೇಡಿ, ನೆಲಕ್ಕಿಳಿಸಿ ನೋಡಿ. ನಾನು ಅದನ್ನು ಮರದ ಹಲಗೆಯ ಮೇಲೆ ಇಟ್ಟಿದ್ದೆ. ನೀವು ಬಂದಾಗ ಚಪ್ಪಾಳೆ ತಟ್ಟಿದೆ. ಅದೇ ಗಳಿಗೆಗೆ ಮೊಣಕಾಲಿನಿಂದ ಹಲಗೆಯನ್ನೂ. ಹಲಗೆ ಅದುರಿತು, ಮರಿ ತಿರುಗಿತು. "ನನ್ನನ್ನೇ ನೋಡ್ತಾ ಉಂಟು" ಎಂದು ನೀವು ಅಲ್ಲೇ ಮುತ್ತು ಎಂದು ಹೆಸರಿಟ್ಟಿರಿ. ನೀವು ಚೌಕಾಶಿಗೆ ಬಾಯಿ ತೆರೆಯುವ ಮೊದಲೇ ನಾನು ಬೆಲೆ ಇಳಿಸಿದೆ. ಆಗಲಾದರೂ ನಿಮಗೆ ಅನುಮಾನ ಬರಬೇಕಿತ್ತು—ಇಲ್ಲ, ಇದನ್ನೂ ನಿಮ್ಮ ತಲೆಗೆ ಕಟ್ಟಬಾರದು.

ಎರಡು ವಾರಕ್ಕೆ ಆಂಟಾಪ್ ಹಿಲ್‌ನ ನಿಮ್ಮ ಮನೆಯಿಂದ ಫೋನ್.

"ಎಷ್ಟು ಕರೆದ್ರೂ ತಿರುಗಿ ನೋಡುದಿಲ್ಲ ಮಾರಾಯ್ರೆ. ಕಿವಿ ಸರಿ ಉಂಟಲ್ಲ ಇದಕ್ಕೆ?"

ಕಿವುಡು ಎಂಬ ಒಂದೇ ಮಾತು ಸಾಕಿತ್ತು. ಆದರೆ ಉಳಿದ ಮರಿಗಳನ್ನು ನೋಡಲು ಬಂದವರು ನನ್ನೆದುರೇ ಕೂತಿದ್ದರು.

"ಅಕ್ಕಾರ, ಕಿವಿ ಛಲೋ ಅದಾವ್ರಿ. ಅಪರೂಪದ ಬಣ್ಣ ನೋಡ್ರಿ, ಸೊಕ್ಕು ಜಾಸ್ತಿ. ಪೇಪರ್ ಸುರುಳಿ ಮಾಡಿ ಎರಡು ಬಿಡ್ರಿ, ದಾರಿಗೆ ಬರತೈತಿ."

ನೀವು ಬಿಟ್ಟಿರಿ. ಬರಲಿಲ್ಲ. ಮತ್ತೆ ಫೋನ್ ಮಾಡಿದಾಗ, ಪೇಪರಿಗೆ ಬಗ್ಗದಿದ್ದರೆ ಚಪ್ಪಲಿ ಹಿಡಿಯಿರಿ ಎಂದೆ. ಕೈ ಎತ್ತಿದರೆ ಸಾಕು ಮೂಲೆ ಸೇರುತ್ತದೆ ಎಂದು ನೀವು ಅಳುಕಿನಿಂದ ಹೇಳಿದಾಗ, ನೋಡಿದಿರಾ, ಕಲಿಯುತ್ತಿದೆ ಎಂದು ಮೆಚ್ಚಿಕೊಂಡೆ.

ಎಂಟನೆಯ ತಿಂಗಳು, ಮಲಗಿದ್ದ ಅದನ್ನು ನೀವು ಹಿಂದಿನಿಂದ ಮುಟ್ಟಿದಿರಿ. ಹೆದರಿ ಕಚ್ಚಿತು. ಬ್ಯಾಂಡೇಜು ಸುತ್ತಿದ ಕೈಯಲ್ಲೇ ಎತ್ತಿಕೊಂಡು ಬಂದು ಅಂಗಡಿಯಲ್ಲಿ ಇಳಿಸಿದಿರಿ.

"ನಾಯಿದ್ದು ತಪ್ಪಿಲ್ಲ. ನಂಗೇ ಸಾಕ್ಲಿಕ್ಕೆ ಬರುದಿಲ್ಲ, ಅಷ್ಟೆ."

ನಾನು ಹೂಂ ಎಂದೆ. ಬರೀ ಹೂಂ.

ಕರ್ಜತ್ ಕಡೆಯ ಪರಿಚಯದವರ ತೋಟಕ್ಕೆ ಕಳಿಸುತ್ತೇನೆ ಎಂದಿದ್ದೆ. ಕಳಿಸಲಿಲ್ಲ. ಅಂಥ ಬಿಳಿ ನಾಯಿಯನ್ನು ಸಾದಾ ಬಣ್ಣದ್ದಕ್ಕೆ ಕೂಡಿಸಿದರೆ ಹುಟ್ಟುವುದೆಲ್ಲ ಮಚ್ಚೆಯ ಮರಿಗಳೇ. ಅಂಗಡಿಯ ಹಿಂದಿನ ಕೋಣೆಯ ಪಂಜರದಲ್ಲಿಟ್ಟು ಮೂರು ಸಲ ಮರಿ ಹಾಕಿಸಿದೆ. ಪ್ರತಿ ದೀಪಾವಳಿಗೆ ನೀವು ಫೋನಿನಲ್ಲಿ ಮುತ್ತು ಹೇಗುಂಟು ಎಂದು ಕೇಳುವಾಗ ಅದು ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ಇರುತ್ತಿತ್ತು. ಬಯಲಲ್ಲಿ ಓಡಾಡಿಕೊಂಡು ಸುಖವಾಗಿದೆ ಎನ್ನುತ್ತಿದ್ದೆ. ಕಳೆದ ಸಲ ನೀವು, ಇನ್ನು ಯಾವ ಪ್ರಾಣಿಯನ್ನೂ ಮುಟ್ಟುವುದಿಲ್ಲ, ನನ್ನ ಕೈಯೇ ಸರಿಯಿಲ್ಲ ಎಂದಿರಿ. ಆಗಲೂ ನಾನು—

ಕೈ ನಿಮ್ಮದಾಗಿತ್ತು, ಏಟು ನನ್ನದು. ಇದು ತಿಳಿದರೆ ನಿಮಗೆ ಹಗುರವಾಗುತ್ತದೋ, ಕಿವುಡು ಪ್ರಾಣಿಯನ್ನು ಹೊಡೆದೆನೆಂದು ಇನ್ನಷ್ಟು ಸುಡುತ್ತದೋ ನನಗೆ ಗೊತ್ತಿಲ್ಲ. ಮಚ್ಚೆಯ ನಾಯಿಗಳ ವ್ಯಾಪಾರ ಬಿಟ್ಟಿದ್ದೇನೆ. ಅದನ್ನು ಮುಂದಿಟ್ಟು ರಿಯಾಯಿತಿ ಕೇಳುವುದಿಲ್ಲ.

ಮುತ್ತು ಈಗ ನನ್ನ ಮನೆಯಲ್ಲಿದೆ, ಆ ಹಳೆಯ ಹಲಗೆಯ ಮೇಲೆಯೇ ಮಲಗುತ್ತದೆ. ನೀವು ಬರುವುದಾದರೆ ಹೆಸರು ಹಿಡಿದು ಕರೆಯಬೇಡಿ. ಹಲಗೆ ತಟ್ಟಿ, ತಿರುಗುತ್ತದೆ. ತಿರುಗಿ, ಮುಖ ನೋಡುವ ಮೊದಲು ಕೈ ನೋಡುತ್ತದೆ.