ಬಾತುಕೋಳಿ ಕೊಬ್ಬಿನ ಕಮಾನು

ಮೊರಾವಿಯ ಸೀಮೆಯ ನಮ್ಮ ದೊರೆಯ ಅರಮನೆಯಲ್ಲಿ ವಾದ್ಯ ನುಡಿಸಲು ಬಾರದವನಿಗೆ ಲದ್ದಿ ಎತ್ತುವ ಕೆಲಸವೂ ಸಿಗುತ್ತಿರಲಿಲ್ಲ. ಗಾಡಿ ಹೊಡೆಯುವವನು ಬಸೂನ್ ಊದಬೇಕು, ಕ್ಷೌರಿಕ ಪಿಟೀಲು ನುಡಿಸಬೇಕು. ಬೇಟೆನಾಯಿಗಳ ಮೇಲ್ವಿಚಾರಕನಾದ ನಾನು ಕೊಂಬು ಊದುತ್ತಿದ್ದೆ. ದೊರೆಗೆ ಆಳೂ ಆಯಿತು, ಮೇಳವೂ ಆಯಿತು.

1764ರ ವಸಂತದಲ್ಲಿ ಅಡುಗೆಯವನ ಜಾಗ ಖಾಲಿಯಾಯಿತು. ಹಿಂದಿನವನು ಪಿಟೀಲಿನ ದಪ್ಪದನಿಯ ಅಕ್ಕನಾದ ವಿಯೋಲವನ್ನು ಗಂಧರ್ವನಂತೆ ನುಡಿಸುತ್ತಿದ್ದ. ಅವನು ಹುರಿದ ಬಾತುಕೋಳಿಗೆ ಮಾತ್ರ ಗರಗಸ ಬೇಕಾಗುತ್ತಿತ್ತು. ದೊರೆಯ ಹಲ್ಲೊಂದು ಮುರಿದ ದಿನ ಅವನಿಗೆ ಬಾಗಿಲು ತೋರಿಸಿದರು.

ಆ ಜಾಗಕ್ಕೆ ಬಂದವನು ಪ್ರೊಕೋಪ್. ಹನ್ನೆರಡು ವರ್ಷ ಹೊಗೆ ತುಂಬಿದ ಛತ್ರದ ಒಂಟಿ ಒಲೆಯ ಮುಂದೆ ಕೆಮ್ಮಿದವನು. ನಮ್ಮ ಅಡುಗೆಮನೆಯ ಆರು ಒಲೆ, ಸಾಲು ತಾಮ್ರದ ಪಾತ್ರೆ ಕಂಡವನೇ ಗಳಗಳ ಅತ್ತುಬಿಟ್ಟ.

ಸಂಗೀತದ ಮೇಷ್ಟ್ರು ಬಾಲ್ತಾಜಾರ್ ಕೇಳಿದರು: "ಅಳು ಆಮೇಲೆ. ವಿಯೋಲ ಬರುತ್ತೇನಯ್ಯಾ?"

"ಬರದೆ ಏನ್ ಮೇಷ್ಟ್ರೇ! ನಮ್ಮವ್ವ ನನ್ನ ಮಲಗಿಸ್ತಿದ್ದದ್ದೇ ವಿಯೋಲದ ಪೆಟ್ಟಿಗೇಲಿ."

ಆ ಮಹಾನುಭಾವ ಅಂದಿನವರೆಗೆ ವಿಯೋಲ ಮುಟ್ಟಿದವನಲ್ಲ. ಆರು ಒಲೆಗಳಿಗಾಗಿ ಅವನು ಆರು ಸಾಮ್ರಾಜ್ಯಗಳ ಮೇಲೆ ಯುದ್ಧ ಸಾರಲೂ ಸಿದ್ಧನಿದ್ದ.

ಮೇಳದಲ್ಲಿ ನಾನು ಅವನ ಬೆನ್ನ ಹಿಂದೆಯೇ ಕೂರುತ್ತಿದ್ದೆ. ಅವನ ಮೊಣಕೈ ಗಾಳಿಯಂತ್ರದ ಹಾಗೆ ಆಡುತ್ತಿತ್ತು, ತಲೆ ಭಕ್ತಿಯಿಂದ ತೂಗುತ್ತಿತ್ತು. ಸದ್ದು ಮಾತ್ರ ಇಲ್ಲ.

"ಲೇ ಪ್ರೊಕೋಪ, ಏನೋ ಇದು? ಸ್ವರಾನೇ ಹೊರಡ್ತಿಲ್ವಲ್ಲೋ!"

"ಶ್! ಕಮಾನಿಗೆ ರಾಳ ಹಚ್ಚಿದ್ರೆ ತಾನೇ ತಂತಿ ಕಿರುಚೋದು? ನಾನು ಬಾತುಕೋಳಿ ಕೊಬ್ಬು ಸವರಿದೀನಿ. ನೀನು ಬಾಯಿ ಮುಚ್ಕೊಂಡಿರು, ಮಿಕ್ಕಿದ ಕಡುಬೆಲ್ಲ ನಿಂಗೇ."

ಅಂದಿನಿಂದ ನಾನು ಬಾಯಿ ತೆರೆದದ್ದು ಕಡುಬಿಗೆ ಮಾತ್ರ. ಬಾಲ್ತಾಜಾರ್ ಮೇಷ್ಟ್ರಂತೂ ಮಾರುಹೋದರು. "ನೋಡ್ರೋ, ಮೆದುವಾಗಿ ನುಡಿಸೋದು ಅಂದ್ರೆ ಹೀಗೆ! ನೀವೂ ನುಡಿಸ್ತೀರಿ, ಹಂದಿ ಕುಯ್ದಂಗೆ."

ಸೆಪ್ಟೆಂಬರ್ ಕೊನೆಗೆ ಸಂತ ವಾಕ್ಲಾವನ ಹಬ್ಬ; ನಮ್ಮ ದೊರೆಗೂ ಆ ಸಂತನದೇ ಹೆಸರು, ಹಾಗಾಗಿ ಅರಮನೆಗೆ ಅದು ದೊಡ್ಡ ದಿನ. ಅದಕ್ಕೆಂದು ಮೇಷ್ಟ್ರು ಹೊಸ ಕೃತಿ ಬರೆದರು. ನಡುವೆ ಎಲ್ಲರೂ ಸುಮ್ಮನಾಗಬೇಕು, ವಿಯೋಲ ಒಂದೇ ಹಾಡಬೇಕು! ಪ್ರೊಕೋಪನ ಮುಖ ಕಲಸಿಟ್ಟ ಹಿಟ್ಟಾಯಿತು. ಆದರೆ ವೀರನು ತನ್ನ ಆಯುಧದಿಂದಲೇ ಗೆಲ್ಲಬೇಕಲ್ಲವೇ? ಹಬ್ಬದ ದಿನ ಅವನು ಒಬ್ಬನೇ ಕಮಾನು ಎತ್ತಿದ ಕ್ಷಣಕ್ಕೆ ಸರಿಯಾಗಿ ಸಭಾಂಗಣದ ಬಾಗಿಲು ತೆರೆಯಿತು. ಬೆಣ್ಣೆಯಲ್ಲಿ ಮಿಂದು ಗಸಗಸೆ ಹೊದ್ದ ಪ್ಲಮ್ ಹಣ್ಣಿನ ಕಡುಬುಗಳು ಹಬೆಯಾಡುತ್ತಾ ದಂಡೆತ್ತಿ ಬಂದವು. ಅತಿಥಿಗಳು ಮುಗಿಬಿದ್ದರು. ಮೇಷ್ಟ್ರು ಎಡಗೈಯಲ್ಲಿ ತಾಳ ಹಾಕುತ್ತಾ ಬಲಗೈಯಲ್ಲಿ ತಿಂದರು.

ತಿನ್ನುವ ಭರದಲ್ಲಿ ಕೇಳಲಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯ ಯಾರಿಗಿತ್ತು? ಎಲ್ಲರೂ "ಆಹಾ, ಏನು ವಾದನ!" ಎಂದರು. ಎಲ್ಲರಿಗಿಂತ ಜೋರಾಗಿ ಹಾಗೆಂದದ್ದು ದೊರೆಯೇ.

"ಇಂಥ ಕಲಾವಿದ ಒಲೆ ಊದೋದೇ? ನಾಳೆಯಿಂದ ಅಡುಗೆಮನೆ ಕಡೆ ತಲೆ ಹಾಕ್ಕೂಡದು. ವಿಯೋಲ, ಬರೀ ವಿಯೋಲ!"

ಗೆದ್ದು ಸೋತವನೆಂದರೆ ಪ್ರೊಕೋಪ್. ಅವನಿಗೆ ಮಖಮಲ್ಲಿನ ಕೋಟು ಬಂತು. ಅವನ ಒಲೆಗಳಿಗೆ ಹಳೆಯ ಗರಗಸದ ಭಟ್ಟನೇ ವಾಪಸು ಬಂದ. ಚಳಿಗಾಲವೆಲ್ಲ ಪ್ರೊಕೋಪ್ ಅಡುಗೆಮನೆಯ ಕಿಟಕಿಯ ಹೊರಗೆ ಹಿಮದಲ್ಲಿ ನಿಂತು, ಸೀದ ಈರುಳ್ಳಿಯ ವಾಸನೆಗೆ ಬಿಕ್ಕಿದ.

ಈಸ್ಟರ್ ಹಬ್ಬದ ಬೆಳಿಗ್ಗೆ ಬಂದು ಕಿವಿಯಲ್ಲಿ ಉಸುರಿದ: "ಕ್ಷೌರಿಕನ ಹತ್ರ ಒಂಚೂರು ರಾಳ ತಂದ್ಕೊಡೋ."

"ಯಾಕೋ, ಬುದ್ಧಿ ಕೆಟ್ಟಿದ್ಯಾ?"

"ಇವತ್ತು ನಿಜವಾಗ್ಲೂ ನುಡಿಸ್ತೀನಿ."

ನುಡಿಸಿದ. ಮೊದಲ ಎಳೆತಕ್ಕೆ ಪಾದ್ರಿ ಶಿಲುಬೆಯ ಗುರುತು ಮಾಡಿಕೊಂಡರು. ಎರಡನೆಯದಕ್ಕೆ ನನ್ನ ಮೂವತ್ತು ಬೇಟೆನಾಯಿಗಳೂ ದೊಡ್ಡಿಯಿಂದಲೇ ಶ್ರುತಿ ಸೇರಿಸಿದವು. ಮೂರನೆಯದಕ್ಕೆ ದೊರೆ ಎದ್ದುನಿಂತರು.

"ನಿಲ್ಸೋ! ಹೋಗು ಒಲೆ ಮುಂದಕ್ಕೆ! ಅಲ್ಲಿಂದ ಈಚೆ ಬಂದ್ರೆ ಕಾಲು ಮುರೀತೀನಿ!"

"ಅಪ್ಪಣೆ ದೊರೆ!" ಎಂದವನೇ ಪ್ರೊಕೋಪ್ ಮಖಮಲ್ಲಿನ ಕೋಟು ಕಳಚುತ್ತಲೇ ಓಡಿದ. ವಿಯೋಲ ಹಳೆಯ ಭಟ್ಟನ ಪಾಲಾಯಿತು. ದೊರೆಯ ಉಳಿದ ಹಲ್ಲುಗಳು ಬದುಕಿಕೊಂಡವು.

ಸಂಜೆ ಬಾಲ್ತಾಜಾರ್ ಮೇಷ್ಟ್ರು ಅಡುಗೆಮನೆಗೆ ಬಂದು, ಬಾಯಿತುಂಬ ಕಡುಬು ತುಂಬಿಕೊಂಡೇ ನಿಟ್ಟುಸಿರಿಟ್ಟರು. "ಆ ಮೆದು ನಾದ ಎಲ್ಲಿ ಹೋಯ್ತೋ ಪ್ರೊಕೋಪ?"

"ಒಲೆ ಕಾವಿಗೆ ಕರಗೋಯ್ತು ಮೇಷ್ಟ್ರೇ," ಎಂದು ಪ್ರೊಕೋಪ್ ಬಾಣಲೆಗೆ ಇನ್ನೊಂದು ಸೌಟು ಬಾತುಕೋಳಿ ಕೊಬ್ಬು ಸುರಿದ.