ತಾಮ್ರದ ಬೀದಿಯ ಕಿವಿ ಮೇಡಂ

ಬೆಳಗಿನ ಐದು ಗಂಟೆ. ತುಮಕೂರಿನ ಕಾಲೇಜೊಂದರ ಹಿಂಬದಿಯ ಕೋಣೆಯಲ್ಲಿ ಮುಬಶ್ಶಿರಾ ಉಸಿರು ಬಿಗಿಹಿಡಿದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟಿದ್ದಾರೆ. ಇನ್ನೂ ಮೊಟ್ಟೆಯೊಳಗಿದ್ದ ಕೋಳಿಮರಿಯ ಕಿವಿಯಿಂದ ತೆಗೆದ ಒಂದೇ ಒಂದು ಜೀವಕೋಶ. ಅದಕ್ಕೆ ಕೂದಲಿಗಿಂತ ಸಣ್ಣ ಗಾಜಿನ ಕೊಳವೆಯ ತುದಿ ತಾಗಬೇಕು. ಅಷ್ಟರಲ್ಲಿ ಗುಬ್ಬಿ ಕಡೆಯ ಮೊದಲ ಬಸ್ಸು ಗುಡುಗುತ್ತ ಹೋಗುತ್ತದೆ. ಕೋಶ ಜಾರುತ್ತದೆ.

"ಹೋಯ್ತು ಬಿಡಿ ಸರ್. ಅದಕ್ಕೇ ಇಷ್ಟ್ ಬೇಗ ಬರೋದು, ಬಸ್ಸು ಲಾರಿ ಶುರುವಾದ್ರೆ ಒಂದೂ ಸಿಗಲ್ಲ," ಎಂದು, ಅವರ ಬಗ್ಗೆ ಬರೆಯಲು ಬಂದಿರುವ ನನ್ನತ್ತ ತಿರುಗಿ ನಗುತ್ತಾರೆ. ಮತ್ತೆ ಮೆಲ್ಲಗೆ, "ಇವತ್ತು ಮನಸ್ಸೂ ಇಲ್ಲಿಲ್ಲ. ತಮ್ಮನ ಮಗೂಗೆ ಮೂರು ದಿನ. ಮಧ್ಯಾಹ್ನ ಕಿವಿ ಟೆಸ್ಟ್ ಮಾಡ್ಬೇಕು."

ಅವರ ಟೇಬಲ್ಲು ನೋಡುವಂಥದ್ದು. ಕಡಪ ಕಲ್ಲಿನ ಚಪ್ಪಡಿ, ನಡುಕ ತಡೆಯಲು ಅದರಡಿ ಗಾಳಿ ತುಂಬಿದ ನಾಲ್ಕು ಸ್ಕೂಟರ್ ಟ್ಯೂಬು. ಸುತ್ತ ತಾಮ್ರದ ಜಾಲರಿಯ ಪಂಜರ. ಕರೆಂಟಿನ ಗೊಣಗಾಟ ಒಳಗೆ ನುಗ್ಗಬಾರದಲ್ಲ! ಹೆಬ್ಬೂರಿನ ವನಜಮ್ಮನ ಕೋಳಿ ಫಾರಂನಿಂದ ವಾರಕ್ಕೆ ಮೂವತ್ತು ಮೊಟ್ಟೆ ಬರುತ್ತವೆ. "ಮೇಡಂ ಮನೇಲಿ ದಿನಾ ಆಮ್ಲೆಟ್ಟೇ ಅನ್ಕೊಂಡಿದ್ದೆ ಕಣಪ್ಪ," ಎನ್ನುತ್ತಾರೆ ವನಜಮ್ಮ. ಆರು ವರ್ಷದಲ್ಲಿ ಕೈಗೆ ಸಿಕ್ಕ ಒಳ್ಳೆಯ ಕೋಶಗಳು ನಾನೂರ ಹನ್ನೊಂದು.

ಕಿವಿಯ ಕೋಶಗಳ ಗೋಡೆಯಲ್ಲಿ ಅತಿ ಸಣ್ಣ ಬಾಗಿಲುಗಳಿವೆಯಂತೆ. ಅಯಾನು ವಾಹಿನಿ ಎಂದು ಹೆಸರು. ಉಪ್ಪಿನ ಕಣ ಅವುಗಳಲ್ಲಿ ಹಾದರೆ ವಿದ್ಯುತ್ತು ಮಿಡಿಯುತ್ತದೆ. ಇನ್ನೂ ಏನೂ ಕೇಳಿಸದ ದಿನಗಳಲ್ಲೇ ಅವು ತಾವಾಗಿ ತೆರೆದು ಮುಚ್ಚಿ, ಬೆಳೆಯುವ ಮಿದುಳಿಗೆ ತಾಲೀಮು ಕೊಡುತ್ತವೆ. ಆ ತಾಲೀಮು ತಪ್ಪಿದರೆ ಮಿದುಳಿಗೆ ಏನಾಗುತ್ತದೆ ಎಂಬುದೇ ಅವರ ಹುಡುಕಾಟ.

ಹುಡುಕಾಟ ಶುರುವಾದದ್ದು ಮನೆಯಲ್ಲಿ. ತಂದೆ ನಯಾಜ್ ಅಹಮದ್ ತುಮಕೂರಿನ ತಾಮ್ರದ ಬೀದಿಯಲ್ಲಿ ಹಂಡೆ ಬಡಿಯುವವರು. ತೊಂಬತ್ತರ ದಶಕದಲ್ಲಿ ಆ ಬೀದಿಯಲ್ಲಿ ಓಡಾಡಿದವರಿಗೆ ಸುತ್ತಿಗೆಯ ಸದ್ದು ಇನ್ನೂ ಕಿವಿಯಲ್ಲಿದೆ. ನಮ್ಮ ಮನೆಯ ಹಂಡೆಯೂ ಅಲ್ಲಿಯದೇ. ಸ್ಟೀಲು ಬಂತು, ಈಗ ಮೂರೇ ಅಂಗಡಿ.

ಮುಬಶ್ಶಿರಾಗೆ ಎಂಟು ವರ್ಷವಿದ್ದಾಗ ತಮ್ಮ ಅಫ್ರೋಜ್ ಹುಟ್ಟಿದ. ಅಷ್ಟು ಸುತ್ತಿಗೆಗಳ ನಡುವೆಯೂ ಮಗು ಹಾಯಾಗಿ ಮಲಗುತ್ತಿತ್ತು.

"ಕಸುಬಿನ ಮಗ, ಸದ್ದಿಗೆ ಹೆದರಲ್ಲ ಅಂತ ಅಬ್ಬಾ ಬೀದಿಗೆಲ್ಲ ಹೇಳ್ಕೊಂಡು ಮೆರೆದ್ರು. ಬೇರೆ ಮನೇಲಿ ಹುಟ್ಟಿದ್ರೆ ಆಗ್ಲೇ ಗೊತ್ತಾಗಿರೋದು ಸರ್. ಅವ್ನಿಗೆ ಕಿವಿ ಕೇಳ್ಸಲ್ಲ ಅಂತ ನಮಗೆ ಗೊತ್ತಾದಾಗ ನಾಲ್ಕು ವರ್ಷ. ಹುಟ್ಟಿದ ದಿನ ಕಿವೀಲಿ ಹೇಳಿದ ಆಜಾನ್ ಆದ್ರೂ ಕೇಳ್ಸಿತ್ತಾ ಅಂತ ಅಮ್ಮಿ ಅಳ್ತಿದ್ರು. ಅದಕ್ಕೆ ಉತ್ತರ ಹುಡುಕ್ಕೊಂಡು ಇಲ್ಲೀವರ್ಗೂ ಬಂದೆ."

ತುಮಕೂರಿನಲ್ಲಿ ಬಿಎಸ್ಸಿ, ಬೆಂಗಳೂರಿನಲ್ಲಿ ಪಿಎಚ್‌ಡಿ. 2002ರಲ್ಲಿ ಗುರುಗಳು ಕೊಟ್ಟ ಹಳೆಯ ಮೈಕ್ರೋಸ್ಕೋಪನ್ನು ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಊರಿಗೆ ಮರಳಿದರು. ತಾಮ್ರದ ಪಂಜರ ಹೆಣೆದುಕೊಟ್ಟವನು ಅಫ್ರೋಜ್, ಈಗ ಅಪ್ಪನ ಸುತ್ತಿಗೆ ಹಿಡಿದವನು. ಪ್ರತಿ ಶನಿವಾರ ಮುಬಶ್ಶಿರಾ ಕುಣಿಗಲ್ಲಿನ ಹೆರಿಗೆ ವಾರ್ಡಿಗೆ ಹೋಗಿ ಹಸುಗೂಸುಗಳ ಕಿವಿ ಪರೀಕ್ಷಿಸುತ್ತಾರೆ. ಅಲ್ಲಿ ಇವರು 'ಕಿವಿ ಮೇಡಂ'.

ಮಧ್ಯಾಹ್ನ ತಾಮ್ರದ ಬೀದಿಯ ಅವರ ಮನೆಗೆ ನಾನೂ ಜೊತೆಗೆ ಹೋಗುತ್ತೇನೆ. ಕಿವಿ ಪರೀಕ್ಷಿಸುವ ಮೆಷಿನ್ನಿಗೆ ನಿಶ್ಶಬ್ದ ಬೇಕು. ಮೂರೂ ಅಂಗಡಿಯವರು ಸುತ್ತಿಗೆ ಕೆಳಗಿಡುತ್ತಾರೆ. ಮಲಗಿರುವ ಮೂರು ದಿನದ ಕೂಸು ಇರಮ್‌ಳ ಪುಟ್ಟ ಕಿವಿಗೆ ಮುಬಶ್ಶಿರಾ ಬತ್ತಿಯಂಥ ನಳಿಕೆ ಇಡುತ್ತಾರೆ. ಅಫ್ರೋಜ್‌ನ ಕಣ್ಣು ಅಕ್ಕನ ಮುಖ ಬಿಟ್ಟು ಕದಲುವುದಿಲ್ಲ. ಬಲಗಿವಿ, ಹಸಿರು ದೀಪ. ಎಡಗಿವಿ ತಡವಾಗುತ್ತದೆ. ಕೊನೆಗೆ ಅದೂ ಹಸಿರು.

"ಪ್ರತಿ ಹೆರಿಗೆ ಆಸ್ಪತ್ರೇಲೂ ಇದೊಂದು ಇದ್ರೆ ಸಾಕು ಸರ್," ಎಂದು ಮುಬಶ್ಶಿರಾ ಕಣ್ಣೊರೆಸಿಕೊಳ್ಳುತ್ತಾರೆ. "ನನ್ನ ಹೆಸರು ಬರೀದಿದ್ರೂ ಪರ್ವಾಗಿಲ್ಲ, ಇದನ್ನ ಬರೀರಿ."

ಒಮ್ಮೆ ಮೋಸಹೋದ ನಯಾಜ್ ಅಹಮದರಿಗೆ ಮಾತ್ರ ದೀಪದ ಮೇಲೆ ನಂಬಿಕೆಯಿಲ್ಲ. ಹಂಡೆಯತ್ತ ಕೈ ತೋರಿ ಮಗನಿಗೆ ಸನ್ನೆ ಮಾಡುತ್ತಾರೆ. ಅಫ್ರೋಜ್ ಒಂದೇ ಒಂದು ಪೆಟ್ಟು ಹಾಕುತ್ತಾನೆ. ಇರಮ್ ಬೆಚ್ಚಿಬಿದ್ದು ಮನೆ ಹಾರಿಹೋಗುವಂತೆ ಅಳುತ್ತಾಳೆ. ಅಫ್ರೋಜ್‌ಗೆ ಆ ಅಳು ಕೇಳಿಸದು. ತೆರೆದ ಪುಟ್ಟ ಬಾಯಿ ನೋಡಿ ಸುತ್ತಿಗೆ ಬಿಟ್ಟು ನಗುತ್ತಾನೆ. ಅಜ್ಜ ಚಪ್ಪಲಿಯನ್ನೂ ಮೆಟ್ಟದೆ ಬೀದಿಗಿಳಿಯುತ್ತಾರೆ.

"ಹೆದರ್ತಾಳೆ ಕಣ್ರಪ್ಪಾ! ನನ್ ಮೊಮ್ಮಗಳು ಸದ್ದಿಗೆ ಹೆದರ್ತಾಳೆ!"